ಅಳತೆ ಒಂದೇ ಸಲ: ಮರಗೆಲಸಕ್ಕೆ ಜಿಗ್ ಮಾಡಿಕೊಳ್ಳುವ ಬಗೆ

ಶಿರಸಿ ಕಡೆ ಅಡಿಕೆ ಸಸಿ ನೆಟ್ಟವರಿಗೆ ಜಿಗ್ ಅಂದರೇನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ. ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೆ. ಸಸಿಯಿಂದ ಸಸಿಗೆ ಒಂಬತ್ತು ಅಡಿ ಬಿಡಬೇಕು. ಗುಂಡಿ ಗುಂಡಿಗೂ ಟೇಪು ಹಿಡಿದು ಯಾರೂ ನಿಲ್ಲುವುದಿಲ್ಲ. ಬಿದಿರಿನ ಗಳವೊಂದನ್ನು ಒಂಬತ್ತು ಅಡಿಗೆ ಕಡಿದುಕೊಳ್ಳುತ್ತಾರೆ. ಇಲ್ಲವೇ ಉದ್ದದ ಹಗ್ಗಕ್ಕೆ ಒಂಬತ್ತು ಅಡಿಗೊಂದು ಬಟ್ಟೆ ಚೂರು ಕಟ್ಟಿಕೊಳ್ಳುತ್ತಾರೆ. ಆಮೇಲೆ ತೋಟದಲ್ಲಿ ಅಳತೆಯ ಮಾತೇ ಇಲ್ಲ. ಗಳ ಇಡು, ಗೂಟ ಹೊಡಿ, ಮುಂದೆ ನಡಿ.

ಆ ಗಳವೇ ಜಿಗ್. ಒಂದು ಸಲ ಜಾಗ್ರತೆಯಿಂದ ಅಳೆದು, ಆ ಅಳತೆಯನ್ನು ಒಂದು ವಸ್ತುವಿನಲ್ಲಿ ಕೂರಿಸಿಟ್ಟರೆ, ಮತ್ತೆ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ. ಅದರ ಜೊತೆ ಮತ್ತೆ ಮತ್ತೆ ತಪ್ಪುವುದೂ ತಪ್ಪುತ್ತದೆ.

ಆದರೆ ಗಳಕ್ಕೂ ಹಗ್ಗಕ್ಕೂ ಒಂದು ವ್ಯತ್ಯಾಸ ಇದೆ. ಮರಗೆಲಸ ಮಾಡುವವರು ಅದನ್ನು ಸರಿಯಾಗಿ ತಲೆಗೆ ಹಾಕಿಕೊಳ್ಳಬೇಕು. ಗಳವನ್ನು ಒಂದು ಗೂಟದಿಂದ ಮುಂದಿನ ಗೂಟಕ್ಕೆ ದಾಟಿಸುತ್ತಾ ಹೋಗುವಾಗ ಪ್ರತಿ ಸಲ ಅರ್ಧ ಇಂಚು ಅದೇ ದಿಕ್ಕಿಗೆ ಜಾರಿದರೆ, ಇಪ್ಪತ್ತನೇ ಗೂಟ ಹತ್ತು ಇಂಚು ಆಚೆ ಹೋಗಿರುತ್ತದೆ. ಹಗ್ಗದಲ್ಲಿ ಹಾಗಾಗುವುದಿಲ್ಲ. ಒಂದು ಬಟ್ಟೆ ಚೂರು ಅರ್ಧ ಇಂಚು ಸರಿದಿದ್ದರೆ ಆ ಒಂದು ಸಸಿ ಮಾತ್ರ ಅರ್ಧ ಇಂಚು ಸರಿದಿರುತ್ತದೆ. ತಪ್ಪು ಒಟ್ಟುಗೂಡುತ್ತಾ ಹೋಗುತ್ತದೋ ಅಥವಾ ಅಲ್ಲಲ್ಲೇ ನಿಲ್ಲುತ್ತದೋ ಎನ್ನುವುದು ಜಿಗ್ ಮಾಡುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ.

ನಾನಿದನ್ನು ಕಲಿತದ್ದು ತೋಟದಲ್ಲಲ್ಲ, ನಮ್ಮ ಮನೆಯ ಕಿಟಕಿಯಲ್ಲಿ. ಹಳೇ ಕಿಟಕಿಗಳಿಗೆ ಮರದ ಪಟ್ಟಿ ಕೂರಿಸಬೇಕಿತ್ತು. ಒಟ್ಟು ಮೂವತ್ತೆರಡು ಪಟ್ಟಿ, ಎಲ್ಲವೂ ಒಂದೇ ಉದ್ದ. ಮೊದಲನೆಯದನ್ನು ಟೇಪಿನಲ್ಲಿ ಅಳೆದು ಕೊಯ್ದೆ. ಎರಡನೆಯದಕ್ಕೆ ಮೊದಲನೆಯದನ್ನು ಇಟ್ಟು ಗೆರೆ ಎಳೆದೆ. ಮೂರನೆಯದಕ್ಕೆ ಎರಡನೆಯದು. ಪೆನ್ಸಿಲ್ ಗೆರೆಗೂ ದಪ್ಪ ಇದೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ. ಕೊನೆಯ ಪಟ್ಟಿ ಮೊದಲನೆಯದಕ್ಕಿಂತ ಎರಡು ಸೂತು ಉದ್ದ ಬಂತು. ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿ.ಮೀ. ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಹಿರಿಯ ಆಚಾರಿಯೊಬ್ಬರು ಬೇಲಿ ಆಚೆಯಿಂದ ನೋಡುತ್ತಿದ್ದರು. "ತಮಾ, ನೀನು ಅಳೀತಾ ಕೂತದ್ದೇ ತಪ್ಪು" ಅಂದರು. ಒಳಗೆ ಬಂದು ಬೆಂಚಿನ ಮೇಲೆ ಒಂದು ಮರದ ತುಂಡನ್ನು ಮೊಳೆ ಹೊಡೆದು ಕೂರಿಸಿದರು. "ಇದಕ್ಕೆ ತಾಗಿಸು, ಕೊಯ್ಯಿ. ಟೇಪು ಒಳಗೆ ಇಟ್ಟು ಬಾ."

ಅವರು ಅದಕ್ಕೆ ಜಿಗ್ ಅನ್ನಲಿಲ್ಲ. ನಮ್ಮಲ್ಲಿ ಹಳಬರು ಆಕಾರ ಗೀಚಲು ಇಟ್ಟುಕೊಳ್ಳುವ ತಗಡು ಅಥವಾ ಹಲಗೆಗೆ ಫರ್ಮಾ ಅನ್ನುತ್ತಾರೆ. ಉಳಿದವಕ್ಕೆಲ್ಲ ಹೆಸರೇ ಇಲ್ಲ, ಸುಮ್ನೆ "ಆ ತುಂಡು" ಅಷ್ಟೆ.

ತಡೆತುಂಡು ಮತ್ತು ಅದರ ಕಸ

ಆಚಾರಿ ಕೂರಿಸಿದ್ದು ಎಲ್ಲಕ್ಕಿಂತ ಸರಳ ಜಿಗ್: ತಡೆತುಂಡು. ಗರಗಸ ಓಡುವ ಜಾಗದಿಂದ ನಿಮಗೆ ಬೇಕಾದ ಉದ್ದಕ್ಕೆ ಒಂದು ತುಂಡು ಬಿಗಿದರೆ ಮುಗಿಯಿತು. ಮರದ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ದದ್ದೆಲ್ಲ ಒಂದೇ ಉದ್ದ. ಇದು ಹಗ್ಗದ ಜಾತಿ, ಗಳದ ಜಾತಿಯಲ್ಲ. ಪ್ರತಿ ಪಟ್ಟಿಯೂ ಅದೇ ತುಂಡಿಗೆ ತಾಗುತ್ತದೆ, ಹಿಂದಿನ ಪಟ್ಟಿಗಲ್ಲ.

ಇಷ್ಟು ಸರಳವಾದದ್ದೂ ಕೈ ಕೊಡುತ್ತದೆ. ಹತ್ತು ಪಟ್ಟಿ ಕೊಯ್ಯುವಷ್ಟರಲ್ಲಿ ತಡೆತುಂಡಿನ ಬುಡದಲ್ಲಿ ಮರದ ಪುಡಿ ಸೇರುತ್ತದೆ. ಹನ್ನೊಂದನೆಯ ಪಟ್ಟಿ ತಾಗುವುದು ತುಂಡಿಗಲ್ಲ, ಪುಡಿಗೆ. ಅರ್ಧ ಮಿ.ಮೀ. ಗಿಡ್ಡ. ಉಪಾಯ ಇಷ್ಟೇ: ತಡೆತುಂಡಿನ ಕೆಳಗಿನ ಅಂಚನ್ನು ಉಳಿಯಿಂದ ಓರೆಯಾಗಿ ಸವರಿಬಿಡಿ. ಪುಡಿ ಆ ಸಂದಿಗೆ ಹೋಗಿ ಕೂರುತ್ತದೆ, ಮರ ಮೇಲ್ಭಾಗಕ್ಕೆ ಸರಿಯಾಗಿ ತಾಗುತ್ತದೆ. ಇಂಥ ಚಿಕ್ಕ ಬುದ್ಧಿ ಅಂಗಡಿಯಿಂದ ತಂದ ಎಷ್ಟೋ ಜಿಗ್‌ಗಳಲ್ಲಿ ಇರುವುದಿಲ್ಲ.

ಕರೆಂಟು ಹೋದಾಗ

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿ ಕೈ ಹತ್ಯಾರಿನ ಎರಡು ಜಿಗ್ ಮೊದಲು ಮಾಡಿಟ್ಟುಕೊಳ್ಳಿ.

ಒಂದು, ಕೊಯ್ಯುವ ಹಲಗೆ. ಒಂದಡಿ ಉದ್ದ, ಎಂಟು ಇಂಚು ಅಗಲದ ಪ್ಲೈ ತುಂಡು. ಅದರ ಮುಂದಿನ ಅಂಚಿಗೆ ಕೆಳಗಡೆ ಒಂದು ರೀಪು, ಹಿಂದಿನ ಅಂಚಿಗೆ ಮೇಲ್ಗಡೆ ಒಂದು ರೀಪು. ಕೆಳಗಿನದು ಬೆಂಚಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಮರವನ್ನು ಒತ್ತಿ ಹಿಡಿದು ಗರಗಸ ತಳ್ಳುವುದು. ನೀವು ತಳ್ಳಿದಷ್ಟೂ ಅದು ಬಿಗಿಯಾಗುತ್ತದೆ. ನೆಲದ ಮೇಲೆ ಕೂತು ಕೆಲಸ ಮಾಡುವ ಹಿರಿಯರಿಗೆ ಇದರ ಅಗತ್ಯ ಬೀಳಲಿಲ್ಲ, ಅವರಿಗೆ ಕಾಲೇ ಕ್ಲಾಂಪು. ನನ್ನ ಕಾಲಿಗೆ ಆ ವಿದ್ಯೆ ಬರಲಿಲ್ಲ.

ಇನ್ನೊಂದು, ಕೀಸುವ ಹಲಗೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಕೊಯ್ಯುವ ಹಲಗೆಯ ಥರವೇ, ಆದರೆ ಪಕ್ಕದಲ್ಲಿ ಒಂದು ತಗ್ಗಿನ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕೀಸುಳಿಯನ್ನು ಮಗ್ಗುಲಾಗಿ ಮಲಗಿಸಿ ಓಡಿಸಬೇಕು. ಮೇಲೆ ಹಿಡಿದ ಮರದ ತುದಿ ನೇರ ಮೂಲೆಗೆ ಬರುತ್ತದೆ. ಗರಗಸದಿಂದ ಎಷ್ಟೇ ಚೆನ್ನಾಗಿ ಕೊಯ್ದರೂ ಸಿಗದ ನುಣುಪು ಸಿಗುತ್ತದೆ. ಜೊತೆಗೆ, ಕೂದಲೆಳೆಯಷ್ಟು ಉದ್ದ ಜಾಸ್ತಿ ಇದ್ದರೆ ಅಷ್ಟನ್ನೇ ತೆಗೆಯಬಹುದು.

ಹೊಸಬರಿಗೆ ಒಂದು ಅನುಮಾನ ಬರುತ್ತದೆ: ಕೀಸುಳಿ ಹಲಗೆಯನ್ನೇ ಕೀಸಿಬಿಡುವುದಿಲ್ಲವಾ? ಕೀಸುತ್ತದೆ, ಮೊದಲ ಕೆಲವು ಸಲ ಮಾತ್ರ. ಕೀಸುಳಿಯ ಅಲಗು ಅದರ ತಳದ ಪೂರ್ತಿ ಅಗಲಕ್ಕೆ ಇರುವುದಿಲ್ಲ, ಎರಡೂ ಕಡೆ ಸ್ವಲ್ಪ ಬಿಟ್ಟಿರುತ್ತದೆ. ಅಲಗು ತಾಗುವಷ್ಟು ಭಾಗ ಸವೆದ ಮೇಲೆ, ಅಲಗಿಲ್ಲದ ಅಂಚು ಹಲಗೆಗೆ ಒರಗಿ ನಿಲ್ಲುತ್ತದೆ. ಆಮೇಲೆ ಕೀಸುವುದು ನೀವಿಟ್ಟ ಮರವನ್ನು ಮಾತ್ರ. ಹಿಂದಿನ ರೀಪು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಮರದ ತುದಿಯನ್ನು ಕೀಸುವಾಗ ಕೊನೆಯ ಅಂಚಿನ ನಾರು ಸಿಡಿದು ಹೋಗುವುದುಂಟು. ರೀಪು ಬೆನ್ನಿಗಿದ್ದರೆ ನಾರು ಸಿಡಿಯುವುದಿಲ್ಲ.

ಫೋಟೋ ಚೌಕಟ್ಟು ಮಾಡುವಾಗ 45 ಡಿಗ್ರಿ ಬೇಕು. ಇಲ್ಲಿ ಒಂದು ಸೊಗಸಾದ ಲೆಕ್ಕ ಇದೆ. ಚೌಕಟ್ಟಿಗೆ ನಾಲ್ಕು ಮೂಲೆ, ಓರೆ ಕೊಯ್ತ ಎಂಟು. ನಿಮ್ಮ ಜಿಗ್ ಅರ್ಧ ಡಿಗ್ರಿ ತಪ್ಪಿದ್ದು, ಎಲ್ಲ ಕೊಯ್ತವೂ ಒಂದೇ ಕಡೆಗೆ ತಪ್ಪಿದರೆ, ಕೊನೆಯ ಮೂಲೆಗೆ ಬರುವಾಗ ನಾಲ್ಕು ಡಿಗ್ರಿ ಬಾಯಿ ತೆರೆದಿರುತ್ತದೆ. ಇದು ಮತ್ತೆ ಗಳದ ಕಥೆ. ಉಪಾಯ ಏನೆಂದರೆ, 45 ಡಿಗ್ರಿಯ ಹಿಂದೆ ಬೀಳಬೇಡಿ, 90ರ ಹಿಂದೆ ಬೀಳಿ. ಕೀಸುವ ಹಲಗೆಯ ಮೇಲೆ ನಿಖರವಾಗಿ ನೇರ ಮೂಲೆ ಇರುವ ತ್ರಿಕೋನದ ತುಂಡು ಕೂರಿಸಿ, ಆ ಮೂಲೆ ಕೀಸುಳಿಯ ಕಡೆಗಿರಲಿ. ಪ್ರತಿ ಮೂಲೆಯಲ್ಲೂ ಒಂದು ಪಟ್ಟಿಯನ್ನು ತ್ರಿಕೋನದ ಎಡಕ್ಕೆ ಒರಗಿಸಿ ಕೀಸಿ, ಅದರ ಜೋಡಿಯನ್ನು ಬಲಕ್ಕೆ ಒರಗಿಸಿ ಕೀಸಿ. ತ್ರಿಕೋನ ಸ್ವಲ್ಪ ತಿರುಗಿ ಕೂತಿದ್ದರೆ ಒಂದು 44.5 ಡಿಗ್ರಿ ಬರುತ್ತದೆ, ಇನ್ನೊಂದು 45.5. ಕೂಡಿಸಿದರೆ 90. ಮೂಲೆ ಮುಚ್ಚಿಕೊಳ್ಳುತ್ತದೆ. ತಪ್ಪು ಇದೆ, ಆದರೆ ಎರಡು ತಪ್ಪುಗಳು ಒಂದನ್ನೊಂದು ನುಂಗಿಹಾಕುತ್ತವೆ.

ತನ್ನ ಅಂಚನ್ನು ತಾನೇ ಕೊಯ್ದುಕೊಳ್ಳುವ ಗೈಡು

ಈಗ ಮಿಷನ್ನಿಗೆ ಬರೋಣ. ನಮ್ಮೂರುಗಳಲ್ಲಿ ಪ್ಲೈ ಕೊಯ್ಯಲು ಜಾಸ್ತಿ ಬಳಸುವುದು ಕೈಯಲ್ಲಿ ಹಿಡಿಯುವ ನಾಲ್ಕಿಂಚಿನ ಕಟರ್. ಎಂಟಡಿ ಉದ್ದದ ಹಾಳೆಯನ್ನು ಬರೀ ಕಣ್ಣಳತೆಯಲ್ಲಿ ನೇರವಾಗಿ ಕೊಯ್ಯುವವರನ್ನು ನೋಡಿದ್ದೇನೆ, ಕೈ ಮುಗಿಯಬೇಕು. ನಮ್ಮಂಥವರಿಗೆ ಗೈಡ್ ಪಟ್ಟಿ ಬೇಕು.

6 ಮಿ.ಮೀ. ಪ್ಲೈಯ ಒಂದು ಉದ್ದದ ಪಟ್ಟಿ ತಗೊಳ್ಳಿ, ಎಂಟು ಇಂಚು ಅಗಲ ಇರಲಿ. ಇದು ತಳ. ಅದರ ಮೇಲೆ, ಒಂದು ಅಂಚಿನ ಕಡೆ, 12 ಮಿ.ಮೀ. ಪ್ಲೈಯ ಮೂರಿಂಚು ಅಗಲದ ಪಟ್ಟಿಯನ್ನು ಗೋಂದು ಹಚ್ಚಿ ಸ್ಕ್ರೂ ಹಾಕಿ ಕೂರಿಸಿ. ಈ ಪಟ್ಟಿಗೆ ಫ್ಯಾಕ್ಟರಿಯಿಂದ ಬಂದ ಅಂಚನ್ನೇ ಬಳಸಿ. ನೀವು ಕೊಯ್ದ ಅಂಚಿಗಿಂತ ಅದು ನೇರ ಇರುತ್ತದೆ. ಮಿಷನ್ನಿನ ತಳದ ತಗಡು ಈ ಪಟ್ಟಿಗೆ ಒರಗಿ ಓಡಬೇಕು, ಬ್ಲೇಡ್ ಹೋಗುವ ಜಾಗಕ್ಕಿಂತ ತಳದ ಪ್ಲೈ ಇನ್ನೂ ಒಂದಿಂಚು ಆಚೆ ಚಾಚಿರಬೇಕು.

ಈಗ ಕ್ಲಾಂಪ್ ಹಾಕಿ ಒಂದು ಸಲ ಮಿಷನ್ ಓಡಿಸಿ. ಹೆಚ್ಚಿಗೆ ಇದ್ದ ತಳ ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಏನಿದೆಯೋ ಅದೇ ನಿಮ್ಮ ಬ್ಲೇಡ್ ಹೋಗುವ ದಾರಿ. ಬ್ಲೇಡಿನಿಂದ ತಗಡಿನ ಅಂಚಿಗೆ ಎಷ್ಟು ದೂರ ಅಂತ ಅಳೆಯಲೇ ಇಲ್ಲ, ಮಿಷನ್ನೇ ಅದನ್ನು ಬರೆದುಕೊಟ್ಟಿತು. ಇನ್ನು ಮುಂದೆ ಆ ಅಂಚನ್ನು ಪೆನ್ಸಿಲ್ ಗೆರೆಯ ಮೇಲೆ ಇಟ್ಟು ಕೊಯ್ದರೆ ಸಾಕು. ತಳದ ಅಂಚು ಪ್ಲೈಯನ್ನು ಒತ್ತಿ ಹಿಡಿದಿರುವುದರಿಂದ ಆ ಕಡೆಯ ಸಿಬಿರು ಏಳುವುದೂ ಕಡಿಮೆ.

ಎರಡು ಮಾತು. ಈ ಪಟ್ಟಿ ಆ ಒಂದು ಮಿಷನ್ನಿಗೆ, ಆ ಬ್ಲೇಡಿನ ದಪ್ಪಕ್ಕೆ ಮಾತ್ರ. ಅದರ ಮೇಲೇ ಬರೆದಿಡಿ. ಮತ್ತೆ, ಕೆಲವರು ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯುತ್ತಾರೆ. ಯಾವ ಜಿಗ್ಗೂ ಅದನ್ನು ಕ್ಷೇಮ ಮಾಡುವುದಿಲ್ಲ. ಬೇಡ.

ಐದು ಕೊಯ್ತದ ಪರೀಕ್ಷೆ

ಅಡಿಕೆ ಸುಲಿಯುವ ಮೆಟ್ಟುಗತ್ತಿಯಲ್ಲಿ ಕತ್ತಿ ನಿಂತಿರುತ್ತದೆ, ಅಡಿಕೆ ಓಡಾಡುತ್ತದೆ. ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಗರಗಸದ ಮಿಷನ್, ಕೂಡ ಹಾಗೆಯೇ: ಬ್ಲೇಡ್ ನಿಂತಲ್ಲೇ ತಿರುಗುತ್ತದೆ, ಮರ ಸರಿಯಬೇಕು. ಮರವನ್ನು ಕೂರಿಸಿಕೊಂಡು ಸರಿಯುವ ಪೀಠಕ್ಕೆ ಸ್ಲೆಡ್ ಅನ್ನುತ್ತಾರೆ. ಒಂದು ಪ್ಲೈ ತಳ. ಅದರ ಕೆಳಗೆ ಮೇಜಿನ ತೋಡಿನಲ್ಲಿ ಜಾರುವ ಎರಡು ಪಟ್ಟಿ. ಮೇಲೆ ಮರವನ್ನು ಒರಗಿಸಲು ಒಂದು ಆನಿಕೆ ಪಟ್ಟಿ. ಆನಿಕೆ ಪಟ್ಟಿ ಬ್ಲೇಡಿಗೆ ನೇರ ಮೂಲೆಯಲ್ಲಿದ್ದರೆ ಕೊಯ್ದದ್ದೆಲ್ಲ ನೇರ. ಇಲ್ಲದಿದ್ದರೆ ಕೊಯ್ದದ್ದೆಲ್ಲ ಓರೆ, ಒಂದೂ ತಪ್ಪಿಸಿಕೊಳ್ಳುವುದಿಲ್ಲ.

ಮೂಲೆಮಟ್ಟ ಇಟ್ಟು ನೋಡಿದರೆ ಸಾಲದಾ ಅಂತ ಕೇಳಬಹುದು. ಮೂಲೆಮಟ್ಟವೇ ಸರಿ ಇದೆ ಅಂತ ಏನು ಖಾತ್ರಿ? ಅದನ್ನು ಪರೀಕ್ಷಿಸುವುದು ಸುಲಭ. ನೇರ ಅಂಚಿನ ಹಲಗೆಗೆ ಮಟ್ಟ ಒರಗಿಸಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಕವಲೊಡೆದರೆ, ಕಾಣುವ ಸಂದಿ ನಿಜವಾದ ತಪ್ಪಿನ ಎರಡು ಪಟ್ಟು. ಮಗುಚಿದ್ದರಿಂದ ತಪ್ಪು ದೊಡ್ಡದಾಗಿ ಕಣ್ಣಿಗೆ ಬಿತ್ತು.

ಐದು ಕೊಯ್ತದ ವಿಧಾನ ಇದನ್ನೇ ಇನ್ನೂ ಮುಂದಕ್ಕೆ ಒಯ್ಯುತ್ತದೆ. ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಆನಿಕೆ ಪಟ್ಟಿಯ ಒಂದು ತುದಿಗೆ ಒಂದೇ ಸ್ಕ್ರೂ ಬಿಗಿಯಿರಿ, ಇನ್ನೊಂದು ತುದಿಯನ್ನು ಕ್ಲಾಂಪಿನಲ್ಲಿ ಹಿಡಿಯಿರಿ. ಹೆಚ್ಚುಕಮ್ಮಿ ಚೌಕಾಕಾರದ ಪ್ಲೈ ತುಂಡೊಂದನ್ನು ಸ್ಲೆಡ್ ಮೇಲಿಟ್ಟು ಒಂದು ಬದಿ ಕೊಯ್ಯಿರಿ. ಈಗ ಕೊಯ್ದ ಬದಿ ಆನಿಕೆಗೆ ತಾಗುವಂತೆ ತುಂಡನ್ನು ತಿರುಗಿಸಿ, ಎರಡನೇ ಬದಿ ಕೊಯ್ಯಿರಿ. ಮತ್ತೆ ಅದೇ ದಿಕ್ಕಿಗೆ ತಿರುಗಿಸಿ ಮೂರನೆಯದು, ನಾಲ್ಕನೆಯದು. ಐದನೆಯ ಸಲ ಮೊದಲನೇ ಬದಿಯೇ ಮತ್ತೆ ಬ್ಲೇಡಿಗೆ ಬರುತ್ತದೆ. ಆಗ ಒಂದಿಂಚು ಅಗಲದ ಪಟ್ಟಿ ಬೀಳುವಂತೆ ಕೊಯ್ಯಿರಿ. ಆ ಪಟ್ಟಿಯನ್ನು ಜೋಪಾನ ಮಾಡಿ. ಪ್ರತಿ ತಿರುಗುವಿಕೆಯಲ್ಲೂ ಹಿಂದಿನ ಓರೆಯ ಮೇಲೆ ಹೊಸ ಓರೆ ಸೇರಿದೆ. ನಾಲ್ಕು ಸಲದ ತಪ್ಪು ಒಟ್ಟುಗೂಡಿ ಆ ಪಟ್ಟಿಯಲ್ಲಿ ಕೂತಿದೆ. ಕಿಟಕಿ ಪಟ್ಟಿಗಳಲ್ಲಿ ನನ್ನನ್ನು ಕೆಡವಿದ ಅದೇ ಗುಣ ಇಲ್ಲಿ ಕೆಲಸಕ್ಕೆ ಬಂತು.

ನನ್ನ ಸ್ಲೆಡ್ಡಿನ ಲೆಕ್ಕವನ್ನೇ ಹೇಳುತ್ತೇನೆ. ಪಟ್ಟಿಯ ಉದ್ದ 400 ಮಿ.ಮೀ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಒಂದು ತುದಿಯ ಅಗಲ 25.8, ಇನ್ನೊಂದು ತುದಿಯದು 25.0. ವ್ಯತ್ಯಾಸ 0.8 ಮಿ.ಮೀ. ಅದನ್ನು ನಾಲ್ಕರಿಂದ ಭಾಗಿಸಿದರೆ 0.2. ಅಂದರೆ 400 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ಓರೆ. ಆನಿಕೆಯ ಸ್ಕ್ರೂನಿಂದ ಇನ್ನೊಂದು ತುದಿಗೆ 600 ಮಿ.ಮೀ. ಇತ್ತು. ಹಾಗಾದರೆ ಆ ತುದಿ ಸರಿಯಬೇಕಾದದ್ದು 0.3 ಮಿ.ಮೀ.

ಇಷ್ಟು ಕಡಿಮೆ ಸರಿಸುವುದು ಹೇಗೆ? ಕೈಯಲ್ಲಿ ಆಗುವ ಮಾತಲ್ಲ. ಆದರೆ ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಹಾಳೆ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ ಇರುತ್ತದೆ. ಮೂರು ಹಾಳೆ ಸಾಕು. ಆನಿಕೆಯ ತುದಿ ಯಾವ ಕಡೆಗೆ ಸರಿಯಬೇಕೋ ಆ ಕಡೆ, ನಡುವೆ ಮೂರು ಹಾಳೆ ಇಟ್ಟು ಒಂದು ಮರದ ತುಂಡನ್ನು ಒತ್ತಿ ಕ್ಲಾಂಪ್ ಮಾಡಿ. ಆನಿಕೆಯ ಕ್ಲಾಂಪ್ ಸಡಿಲಿಸಿ ಹಾಳೆ ಎಳೆದುಕೊಳ್ಳಿ. ಆನಿಕೆಯನ್ನು ಆ ತುಂಡಿಗೆ ತಾಗುವವರೆಗೆ ತಳ್ಳಿ ಬಿಗಿಯಿರಿ. ಅದು ಸರಿದದ್ದು ಮೂರು ಹಾಳೆಯ ದಪ್ಪದಷ್ಟು. ಯಾವ ಕಡೆಗೆ ಸರಿಸಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ಸರಿಸಿ, ಮತ್ತೆ ಐದು ಕೊಯ್ಯಿರಿ. ವ್ಯತ್ಯಾಸ ಹೆಚ್ಚಾದರೆ ದಿಕ್ಕು ತಪ್ಪು. ನಾನು ಮೊದಲ ಸಲ ತಪ್ಪು ದಿಕ್ಕಿಗೇ ತಳ್ಳಿದ್ದೆ.

ಸ್ಲೆಡ್ಡಿನಲ್ಲಿ ತಡೆತುಂಡು ಬೇಕಾದರೆ ಅದನ್ನು ಆನಿಕೆ ಪಟ್ಟಿಗೇ ಬಿಗಿಯಿರಿ. ಬ್ಲೇಡಿನ ಪಕ್ಕದಲ್ಲಿ ಮೇಜಿಗೆ ಉದ್ದಕ್ಕೆ ಬಿಗಿದಿರುವ ಪಟ್ಟಿಗೆ ಮರವನ್ನು ತಾಗಿಸಿಟ್ಟು ಕೊಯ್ದರೆ, ಕತ್ತರಿಸಿದ ತುಂಡು ಬ್ಲೇಡಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡು ಗುಂಡಿನ ಹಾಗೆ ಹಿಂದೆ ಹಾರುತ್ತದೆ. ಬ್ಲೇಡ್ ಹೊರಬರುವ ಜಾಗದಲ್ಲಿ ಆನಿಕೆಯ ಬೆನ್ನಿಗೆ ದಪ್ಪ ಮರದ ಕೊರಡೊಂದನ್ನು ಅಂಟಿಸಿ. ಅಲ್ಲಿ ಹೆಬ್ಬೆರಳು ಇಡುವ ಅಭ್ಯಾಸ ಎಲ್ಲರಿಗೂ ಇರುತ್ತದೆ.

ಮಳೆ ಬಂದ ಮೇಲೆ

ಜನವರಿಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿದ್ದ ಸ್ಲೆಡ್ ಜುಲೈಯಲ್ಲಿ ಅಲ್ಲಾಡಲಿಲ್ಲ. ಕೆಳಗಿನ ಜಾರು ಪಟ್ಟಿಗಳನ್ನು ಹಲಸಿನ ಮರದಲ್ಲಿ ಮಾಡಿದ್ದೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. 19 ಮಿ.ಮೀ. ಅಗಲದ ಪಟ್ಟಿ ಶೇಕಡಾ ಒಂದರಷ್ಟು ಹಿಗ್ಗಿದರೂ 0.2 ಮಿ.ಮೀ. ಆಯಿತು, ತೋಡಿನಲ್ಲಿ ಸಿಕ್ಕಿಕೊಳ್ಳಲು ಅಷ್ಟು ಸಾಕು. ಅಡ್ಡಕ್ಕೂ ಎರಡು ದಿಕ್ಕಿದೆ. ಉಂಗುರಗಳ ಸುತ್ತಿನ ದಿಕ್ಕಿಗೆ ಮರ ಹಿಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಹಿಗ್ಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ಪಟ್ಟಿಯ ತುದಿ ನೋಡಿ, ಉಂಗುರದ ಗೆರೆಗಳು ನೆಟ್ಟಗೆ ನಿಂತಿರುವ ತುಂಡನ್ನು ಆರಿಸಿಕೊಳ್ಳಿ. ಸಾಗವಾನಿ ಚೂರು ಸಿಕ್ಕರೆ ಇನ್ನೂ ಒಳ್ಳೆಯದು. ಎಣ್ಣೆ ಹಚ್ಚಬೇಡಿ, ಮೇಣದಬತ್ತಿ ಉಜ್ಜಿ.

ತಳಕ್ಕೆ ಪ್ಲೈ ಆಗಬಹುದು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನಮ್ಮ ಹವೆಗೆ ಹೇಳಿದ್ದಲ್ಲ. ಫ್ಯಾನಿನ ಕೆಳಗಿನ ಆಫೀಸಿನಲ್ಲಿ ಅದು ಚೆನ್ನಾಗಿರಬಹುದು. ಇಲ್ಲಿ ಒಂದು ಮಳೆಗಾಲ ಕಳೆದರೆ ಅಂಚು ನೆನೆದ ರೊಟ್ಟಿಯ ಹಾಗೆ ಉಬ್ಬುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಉಪ್ಪುಗಾಳಿಯ ಕಾಟ ಬೇರೆ. ಸಾದಾ ಸ್ಕ್ರೂ ತುಕ್ಕು ಹಿಡಿದು, ಆಮೇಲೆ ಸರಿ ಮಾಡೋಣ ಅಂದರೆ ತಲೆಯೇ ಮುರಿದು ಬರುತ್ತದೆ. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಹಾಕಿ. ಪ್ಲೈ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ, ಅದು ಮರೀನ್ ಪ್ಲೈ. ಐಎಸ್ 303 ಸಾಮಾನ್ಯ ಬಳಕೆಯದು. ಇಡೀ ಹಾಳೆ ಬೇಕಿಲ್ಲ, ಫರ್ನಿಚರ್ ಕೆಲಸದವರ ಹತ್ತಿರ ಉಳಿಕೆ ತುಂಡು ಕೇಳಿದರೆ ಸಿಗುತ್ತದೆ.

ಕಪಾಟಿನ ಕೆಲಸ ಮಾಡುವವರಿಗೆ ಇನ್ನೆರಡು ಚಿಕ್ಕ ಫರ್ಮಾ ಸಾಕು. ಆಟೋ ಹಿಂಜಸ್‌ಗೆ (ಬಾಗಿಲ ಒಳಮೈಯಲ್ಲಿ ಅಡಗಿ ಕೂರುವ ತಿರುಗಣಿಗೆ) 35 ಮಿ.ಮೀ. ತೂತು ಬೇಕು, ಅದರ ನಡುಬಿಂದು ಬಾಗಿಲ ಅಂಚಿನಿಂದ ಸಾಮಾನ್ಯವಾಗಿ 22.5 ಮಿ.ಮೀ. ಒಳಗೆ. ಇದನ್ನು ಒಂದು ಪ್ಲೈ ತುಂಡಿನಲ್ಲಿ ಗುರುತು ಮಾಡಿ, ಅಂಚಿಗೆ ಒರಗುವ ರೀಪು ಕೂರಿಸಿಟ್ಟುಕೊಳ್ಳಿ. ಒಳಗಿನ ಹಲಗೆಯ ಪಿನ್ನುಗಳಿಗೆ 32 ಮಿ.ಮೀ.ಗೊಂದರಂತೆ 5 ಮಿ.ಮೀ. ತೂತಿರುವ ಪಟ್ಟಿ. ಅದರ ಒಂದು ತುದಿಗೆ "ಕೆಳಗೆ" ಅಂತ ದೊಡ್ಡದಾಗಿ ಬರೆಯಿರಿ. ಒಂದು ಕಡೆ ನೇರ, ಇನ್ನೊಂದು ಕಡೆ ತಲೆಕೆಳಗು ಹಿಡಿದು ತೂತು ಹಾಕಿದರೆ ಹಲಗೆ ಉಯ್ಯಾಲೆಯಾಗುತ್ತದೆ.

ಎಲ್ಲಕ್ಕೂ ಜಿಗ್ ಬೇಕು ಅಂತ ನಾನು ಹೇಳುವುದಿಲ್ಲ. ಶಿರಸಿಯ ಗುಡಿಗಾರರು ಗಂಧದ ತುಂಡಿನಲ್ಲಿ ಬಳ್ಳಿ ಬಿಡಿಸುವಾಗ ಕೈಯ ಜಾಗದಲ್ಲಿ ಯಾವ ಪಟ್ಟಿಯನ್ನು ಕೂರಿಸುತ್ತೀರಿ? ಒಂದೇ ಒಂದು ಮಣೆ ಮಾಡುವವನು ಮೂರು ದಿನ ಜಿಗ್ ಮಾಡುತ್ತಾ ಕೂತರೆ ಮಣೆ ಆಗುವುದಿಲ್ಲ. ಅದೇ ಕೆಲಸ ನಾಲ್ಕೈದು ಸಲ ಬರುತ್ತದಾ, ಅಥವಾ ಜಿಗ್ ಇಲ್ಲದಿದ್ದರೆ ಬೆರಳು ಬ್ಲೇಡಿನ ಹತ್ತಿರ ಹೋಗುತ್ತದಾ? ಎರಡರಲ್ಲಿ ಒಂದಕ್ಕಾದರೂ ಹೌದು ಅಂತ ಬಂದರೆ ಮಾಡಿ.

ಮಾಡಿದ್ದನ್ನು ತೂಗುಹಾಕಿ. ನೆಲಕ್ಕೆ ಇಟ್ಟರೆ ಗೆದ್ದಲು, ಗೋಡೆಗೆ ಒರಗಿಸಿದರೆ ಡೊಂಕು. ಯಾವ ಮಿಷನ್ನಿಗೆ, ಯಾವ ಕೆಲಸಕ್ಕೆ, ಯಾವತ್ತು ಪರೀಕ್ಷೆ ಮಾಡಿದ್ದು ಅಂತ ಅದರ ಮೈಮೇಲೇ ಬರೆಯಿರಿ. ತಪ್ಪಾದ ಜಿಗ್ಗನ್ನು ಮಾತ್ರ ಇಟ್ಟುಕೊಳ್ಳಬೇಡಿ. ನಾನೊಮ್ಮೆ ಓರೆಯಾದ ಒಂದನ್ನು "ಇರಲಿ" ಅಂತ ಮೂಲೆಗಿಟ್ಟಿದ್ದೆ. ರಜೆಗೆ ಬಂದ ಅಕ್ಕನ ಮಗ ಅದರಲ್ಲೇ ಸ್ಟೂಲಿನ ಆರು ಕಾಲು ಕೊಯ್ದಿಟ್ಟು, "ಮಾವಾ, ಎಲ್ಲಾ ಒಂದೇ ಥರ ಬಂತು ನೋಡು" ಅಂದ. ನಿಜ, ಆರೂ ಒಂದೇ ಥರ ಓರೆ. ಈಗ ತಪ್ಪಿದ್ದು ಮರದ್ದಾದರೆ ಅವತ್ತೇ ಬಚ್ಚಲ ಒಲೆಗೆ. ಪ್ಲೈಯದ್ದನ್ನು ಒಲೆಗೆ ಹಾಕಿದರೆ ಗೋಂದಿನ ಹೊಗೆಗೆ ಅಮ್ಮ ಬೈಯುತ್ತಾಳೆ, ಅದನ್ನು ಎರಡು ತುಂಡು ಮಾಡಿ ಇಡುತ್ತೇನೆ.